ಎಂಜಿಬಿ ರೋಡ್‌ಸ್ಟರ್: ಎತ್ತುವ ಮುನ್ನ ತಪಾಸಣೆ, ಎತ್ತಿದ ಮೇಲೆ ದುರಸ್ತಿ

ಎಂಜಿಬಿ ಎಂಬ ಹಳೆಯ ಬ್ರಿಟಿಷ್ ಸ್ಪೋರ್ಟ್ಸ್ ಕಾರಿನ ತಳ ಗಟ್ಟಿಯಾಗಿದೆಯೇ ಎಂದು ತಿಳಿಯಬೇಕಾದರೆ ಕಾರನ್ನು ಎತ್ತಬೇಕು. ಎತ್ತಬೇಕಾದರೆ ತಳ ಗಟ್ಟಿಯಾಗಿರಬೇಕು. ಈ ಚಳಿಗಾಲದ ಕೆಲಸವೆಲ್ಲ ಈ ತೊಡಕನ್ನು ಬಿಡಿಸುವುದರಲ್ಲೇ ಕಳೆಯಿತು. ಬ್ರೇಕ್ ಪೈಪ್ ಬದಲಾಯಿಸಿದ್ದು, ರಬ್ಬರ್ ಪಟ್ಟಿ ಹಾಕಿದ್ದು ಎಲ್ಲವೂ ಅದರ ನಂತರದ ಮಾತು.

ಕಾರು 1971ರದು, ಬಲಗೈ ಚಾಲನೆಯ ರೋಡ್‌ಸ್ಟರ್. ಕ್ರೋಮ್ ಬಂಪರ್, ರೋಸ್ಟೈಲ್ ಚಕ್ರ, 1798 ಸಿಸಿಯ ಬಿ-ಸೀರೀಸ್ ಎಂಜಿನ್. ಭಾರತದ ಓದುಗರಿಗೆ ಈ ಎಂಜಿನ್ ಅಪರಿಚಿತವಲ್ಲ. ಅಂಬಾಸಿಡರ್ ಕಾರಿನ 1489 ಸಿಸಿ ಪೆಟ್ರೋಲ್ ಎಂಜಿನ್ ಇದರದೇ ಮನೆತನದ್ದು. ಎಂಜಿಬಿ 1962ರಿಂದ 1980ರವರೆಗೆ ಇಂಗ್ಲೆಂಡಿನ ಅಬಿಂಗ್ಡನ್ ಕಾರ್ಖಾನೆಯಲ್ಲಿ 5 ಲಕ್ಷಕ್ಕೂ ಹೆಚ್ಚು ಸಂಖ್ಯೆಯಲ್ಲಿ ತಯಾರಾಯಿತು. ಹಾಗಾಗಿ ಇಂದಿಗೂ ಬಿಡಿಭಾಗಗಳಿಗೆ ಕೊರತೆಯಿಲ್ಲ, ತಿಳಿದವರಿಗೂ ಕೊರತೆಯಿಲ್ಲ. ಆದರೆ ಇದಕ್ಕಿಂತ ಮೊದಲು ಬಂದ ಎಂಜಿಎಗೆ ಇದ್ದಂತೆ ಇದಕ್ಕೆ ಬೇರೆ ಚಾಸಿ ಇಲ್ಲ. ತಗಡನ್ನೇ ಮಡಿಸಿ, ಬೆಸೆದು ಮಾಡಿದ ಪೆಟ್ಟಿಗೆಗಳೇ ಇದರ ಬೆನ್ನೆಲುಬು. ಮೇಲೆ ಛಾವಣಿ ಇಲ್ಲದ ಕಾರಾದ್ದರಿಂದ ಬಾಗಿಲುಗಳ ಕೆಳಗೆ ಉದ್ದಕ್ಕೆ ಓಡುವ ಎರಡು ಸಿಲ್‌ಗಳ ಮೇಲೇ ಹೆಚ್ಚಿನ ಭಾರ. ಮಳೆನೀರು, ಚಳಿಗಾಲದಲ್ಲಿ ರಸ್ತೆಗೆ ಸುರಿಯುವ ಉಪ್ಪು ಎರಡೂ ಹೋಗಿ ಕೂರುವುದು ಅಲ್ಲಿಯೇ.

40 ವರ್ಷ ದಾಟಿದ, ದೊಡ್ಡ ಮಾರ್ಪಾಡು ಮಾಡಿರದ ಕಾರುಗಳಿಗೆ ಈ ಕಾರು ಇರುವ ಬ್ರಿಟನ್‌ನಲ್ಲಿ 2018ರ ಮೇ ತಿಂಗಳಿಂದ ವಾರ್ಷಿಕ ತಪಾಸಣೆ ಕಡ್ಡಾಯವಲ್ಲ. ಈ ವಿನಾಯಿತಿ ನನಗೆ ಹಿಡಿಸಿಲ್ಲ. ಕಾರಿನ ಕೆಳಗೆ ಪ್ರತಿ ವರ್ಷ ಯಾರಾದರೂ ದೀಪ ಹಿಡಿದು ನೋಡಲೇಬೇಕು. ಬೇರೆಯವರು ನೋಡದಿದ್ದರೆ ನಾವೇ ನೋಡಬೇಕು.

ಹಂತ 1: ಕಾರು ನೆಲದ ಮೇಲಿರುವಾಗ

ಜ್ಯಾಕ್ ಮುಟ್ಟುವ ಮೊದಲು ಸಣ್ಣ ಸುತ್ತಿಗೆ, ಮೊಂಡಾದ ಸ್ಕ್ರೂಡ್ರೈವರ್, ಬಟ್ಟೆಯಲ್ಲಿ ಸುತ್ತಿದ ಅಯಸ್ಕಾಂತ, ಟಾರ್ಚ್, ಒಂದು ಡಬ್ಬಿ ಡ್ರಿಲ್ ಬಿಟ್, ಮೊಬೈಲ್‌ಗೆ ಸಿಕ್ಕಿಸುವ ಎಂಡೋಸ್ಕೋಪ್ ಕ್ಯಾಮೆರಾ, ಇಷ್ಟನ್ನು ಎತ್ತಿಟ್ಟುಕೊಂಡೆ.

ಮೊದಲು ಒಳಗಿನ ಕಾರ್ಪೆಟ್ ಕಿತ್ತು ನೆಲದ ತಗಡನ್ನು ಸಿಲ್ ಸೇರುವ ಅಂಚಿನುದ್ದಕ್ಕೂ ತಟ್ಟುತ್ತ ಹೋದೆ. ಗಟ್ಟಿ ತಗಡು ಠಣ್ ಎನ್ನುತ್ತದೆ. ತುಕ್ಕು ತಿಂದದ್ದು ಬೊದ್ದು ದನಿ ಕೊಡುತ್ತದೆ. ಕಿವಿಗೆ ಅನುಮಾನ ಬಂದ ಕಡೆಯಲ್ಲೆಲ್ಲ ಸ್ಕ್ರೂಡ್ರೈವರ್ ತುದಿಯಿಂದ ಒತ್ತಿದೆ. ಎಡಬದಿ ಪೂರ್ತಿ ಗಟ್ಟಿ. ಬಲಬದಿಯಲ್ಲಿ ಚಾಲಕನ ಹಿಮ್ಮಡಿ ಕೂರುವ ಜಾಗದ ಪಕ್ಕದಲ್ಲಿ ದನಿ ಬದಲಾಯಿತು. ಆದರೂ ತುದಿ ಒಳಗಿಳಿಯಲಿಲ್ಲ.

ಹೊರಗಿನಿಂದ ಅಯಸ್ಕಾಂತ ಸವರಿದರೆ ಎರಡೂ ಸಿಲ್‌ಗಳಿಗೆ ಚೆನ್ನಾಗಿ ಅಂಟಿಕೊಂಡಿತು. ಪುಟ್ಟಿ ಮೆತ್ತಿಲ್ಲ ಎಂಬುದಷ್ಟೇ ಇದರಿಂದ ತಿಳಿಯುತ್ತದೆ, ಅದಕ್ಕಿಂತ ಹೆಚ್ಚೇನೂ ಇಲ್ಲ. ಬಲಗಡೆಯ ಸಿಲ್‌ನ ಹೊರಮೈ ತೀರಾ ನುಣುಪಾಗಿತ್ತು. ಅಂಚಿನಲ್ಲಿ ಕಾರ್ಖಾನೆಯ ಚುಕ್ಕೆ ಬೆಸುಗೆಯ ಗುರುತುಗಳಿರಲಿಲ್ಲ. ಅಲ್ಲಿಗೇ ಅನುಮಾನ ಗಟ್ಟಿಯಾಯಿತು, ಗುರುತು ಹಾಕಿಟ್ಟುಕೊಂಡೆ.

ಆಮೇಲೆ ಬಾಗಿಲಿನ ಸಂದು. ಈ ಒಂದು ಅಳತೆಗೆ ತಗಲುವುದು ಐದು ನಿಮಿಷ, ಆದರೆ ಇಡೀ ಕೆಲಸದಲ್ಲಿ ಅತ್ಯಂತ ಹೆಚ್ಚು ಹೇಳಿದ್ದು ಇದೇ. ಬಾಗಿಲು ಮುಚ್ಚಿ, ಅದರ ಹಿಂಬದಿ ಅಂಚಿಗೂ ಕಾರಿನ ಮೈಗೂ ನಡುವಿನ ಸಂದಿನಲ್ಲಿ ಅರ್ಧ ಮಿ.ಮೀ. ಅಂತರದ ಡ್ರಿಲ್ ಬಿಟ್‌ಗಳ ನಯವಾದ ಬುಡವನ್ನು ಒಂದೊಂದಾಗಿ ತೂರಿಸಿ ನೋಡಿದೆ. ಎಡಬಾಗಿಲು: ಮೇಲೆ 4.5 ಮಿ.ಮೀ., ಕೆಳಗೆ 5. ಬಲಬಾಗಿಲು: ಮೇಲೆ 3.5, ಕೆಳಗೆ 5. ಮಾಸ್ಕಿಂಗ್ ಟೇಪ್ ಅಂಟಿಸಿ ಅಳೆದ ಜಾಗಗಳಲ್ಲೇ ಪೆನ್ನಿನಿಂದ ಅಂಕಿ ಬರೆದೆ. ಅಳತೆಯನ್ನು ಪುಸ್ತಕದಲ್ಲಿ ಬರೆದರೆ ಮತ್ತೆ ಅಳೆಯುವಾಗ ಜಾಗ ತಪ್ಪುತ್ತದೆ. ಕಾರಿನ ಮೈಮೇಲೇ ಬರೆಯಬೇಕು.

ಕಾರಿನ ಜತೆ ಬಂದ ಮೂಲ ಜ್ಯಾಕ್ ಡಿಕ್ಕಿಯಲ್ಲಿ ಹಾಗೆಯೇ ಇದೆ. ಪ್ರತಿ ಬದಿಯ ನಡುಮಧ್ಯದಲ್ಲಿ ಸಿಲ್ ಕೆಳಗೆ ಅದನ್ನು ತೂರಿಸಲು ಒಂದು ಕೊಳವೆಯಿದೆ, ಒಮ್ಮೆಗೇ ಆ ಬದಿಯ ಎರಡು ಚಕ್ರಗಳೂ ಮೇಲೇಳುತ್ತವೆ. ರಸ್ತೆಬದಿಯಲ್ಲಿ ಪಂಕ್ಚರ್ ಆದಾಗ ಚಕ್ರ ಬದಲಿಸಲೆಂದು ಮಾಡಿದ ಏರ್ಪಾಡು ಅದು. ಆ ಕೊಳವೆಯ ಸುತ್ತಲಿನ ತಗಡಿಗೆ ಐವತ್ತು ವರ್ಷ ದಾಟಿದೆ. ಅದನ್ನು ನಂಬಿ ಕಾರನ್ನು ಎತ್ತಬಾರದು, ಎತ್ತಿದರೂ ಕೆಳಗೆ ಕೈಯನ್ನು ಸಹ ಚಾಚಬಾರದು.

ಹಂತ 2: ನೆಲ ಮತ್ತು ಸಲಕರಣೆ

ಗ್ಯಾರೇಜ್ ಅಗಲ 2.4 ಮೀಟರ್, ಉದ್ದ 4.9. ಕಾರಿನ ಅಗಲ 1.52, ಉದ್ದ 3.89. ಬದಿಗೆ ಉಳಿಯುವುದು ತಲಾ 44 ಸೆಂ.ಮೀ. ಮೈ ಓರೆ ಮಾಡಿಕೊಂಡು ಕೂರಲು ಸಾಕು.

ನೆಲ ಕಾಂಕ್ರೀಟಿನದು. ರಸಮಟ್ಟ ಇಟ್ಟು ನೋಡಿದರೆ ಬಾಗಿಲ ಕಡೆಗೆ 1.2 ಮೀಟರ್‌ಗೆ 15 ಮಿ.ಮೀ. ಇಳಿಜಾರು ಕಂಡಿತು. ನೀರು ಹೊರಗೆ ಹೋಗಲೆಂದು ಕೊಟ್ಟ ಇಳಿಜಾರಿದು. ಕಣ್ಣಿಗೆ ಕಾಣದಿದ್ದರೂ ಬ್ರೇಕ್ ಇಲ್ಲದ ಕಾರು ಉರುಳಲು ಅಷ್ಟು ಸಾಕು. ಆದ್ದರಿಂದ ಬೆಣೆಗಳು ಯಾವಾಗಲೂ ಮೊದಲು ಬಾಗಿಲ ಕಡೆಯಿಂದ, ಆಮೇಲೆ ಇನ್ನೊಂದು ಕಡೆಯಿಂದ. ಮನೆ ಮುಂದಿನ ಟಾರು ನೆಲ ಸಮತಟ್ಟಾಗಿದ್ದರೂ ಅದನ್ನು ಬಳಸಲಿಲ್ಲ. ಎತ್ತಿದ ಕಾರನ್ನು ಹೊತ್ತು ನಿಲ್ಲುವ ಸ್ಟ್ಯಾಂಡಿನ ಕಾಲುಗಳು ಟಾರಿನಲ್ಲಿ ನಿಧಾನವಾಗಿ ಇಳಿಯುತ್ತವೆ, ನಾಲ್ಕೂ ಒಂದೇ ಸಮನೆ ಇಳಿಯುವುದಿಲ್ಲ.

ಕಾಂಕ್ರೀಟಿನ ನಡುವೆ ಒಂದು ಬಿರುಕು ಬಿಟ್ಟ ಜೋಡುಗೆರೆ ಇತ್ತು. ಟ್ರಾಲಿ ಜ್ಯಾಕ್‌ನ ಗಾಲಿ ಸರಿಯಾಗಿ ಅದರೊಳಗೆ ಕೂರುತ್ತಿತ್ತು. ಜ್ಯಾಕ್‌ನ ತೋಳು ಮೇಲೇಳುವಾಗ ಅದರ ತಲೆ ನೆಟ್ಟಗೆ ಹೋಗದೆ ಕಮಾನಿನಲ್ಲಿ ಹೋಗುತ್ತದೆ. ಕಾರು ಜಾಗ ಬಿಡದೆ ನಿಂತಿರುವುದರಿಂದ ಜ್ಯಾಕೇ ಉರುಳಿ ಬರಬೇಕು. ಗಾಲಿ ಸಿಕ್ಕಿಕೊಂಡರೆ ತಲೆ ಜಾರುತ್ತದೆ. 18 ಮಿ.ಮೀ. ಪ್ಲೈವುಡ್ ಹಾಸಿ ಗೆರೆಯನ್ನು ಮುಚ್ಚಿದೆ.

ಖರ್ಚು ಹೀಗಾಯಿತು. ಉದ್ದ ದೇಹದ, ತಗ್ಗಿನ ಟ್ರಾಲಿ ಜ್ಯಾಕ್ 140 ಪೌಂಡ್. ಸ್ಟ್ಯಾಂಡ್ ಎರಡು ಜೋಡಿ 90. ಪ್ಲೈವುಡ್ 25, ರಬ್ಬರ್ ಬೆಣೆಗಳು 12, ಕಣ್ಣಿನ ಕನ್ನಡಕ 8, ಎಂಡೋಸ್ಕೋಪ್ 25. ಒಟ್ಟು 300 ಪೌಂಡ್. ಮನೆಯಲ್ಲಿ ಮೊದಲೇ ಒಂದು ಸಣ್ಣ ಜ್ಯಾಕ್ ಇತ್ತು. ಅದರಿಂದಲೇ ಕೆಲಸ ಮುಗಿಸಬಹುದೆಂದು ಪ್ರಯತ್ನಿಸಿದಾಗ ತಲೆ ಕಾರಿನ ಮುಂದಿನ ಅಡ್ಡತೊಲೆಯಾದ ಕ್ರಾಸ್‌ಮೆಂಬರ್ ಮುಟ್ಟುವ ಮೊದಲೇ ಹಿಡಿಕೆ ಬಂಪರ್‌ಗೆ ತಗುಲಿ ನಿಂತಿತು. ಎಂಜಿಬಿಯ ಮೂಗು ಉದ್ದ ಮತ್ತು ತಗ್ಗು, ಸಣ್ಣ ಜ್ಯಾಕ್ ಇದಕ್ಕೆ ಆಗುವುದೇ ಇಲ್ಲ.

ಸ್ಟ್ಯಾಂಡ್ ಕೊಳ್ಳುವಾಗ ಎರಡು ವಿಷಯ ನೋಡಿದೆ. ಮೊದಲನೆಯದು, ಹಲ್ಲುಗಳಿರುವ ಮಾದರಿಯ ಬದಲು ಅಡ್ಡಲಾಗಿ ದಪ್ಪ ಪಿನ್ ತೂರಿಸುವ ಮಾದರಿ. ಪಿನ್ ಆಚೆಯಿಂದ ಈಚೆಗೆ ಬಂದಿದೆಯೇ ಎಂದು ಕಣ್ಣಿನಿಂದಲೇ ನೋಡಬಹುದು. ಹಲ್ಲು ಪೂರ್ತಿ ಕಚ್ಚಿಕೊಂಡಿದೆಯೇ ಎಂಬುದು ಹಾಗೆ ಕಾಣುವುದಿಲ್ಲ. ಎರಡನೆಯದು, ಮೇಲೆ ಬರೆದ ತೂಕ ಒಂದು ಸ್ಟ್ಯಾಂಡಿಗೋ ಜೋಡಿಗೋ ಎಂಬುದು. ಕೆಲವು ಜೋಡಿಗಳ ಮೇಲೆ ಎರಡೂ ಸೇರಿ ಹೊರುವ ತೂಕ ಬರೆದಿರುತ್ತಾರೆ. ಕಾರಿನ ತೂಕ ಒಂದು ಟನ್‌ಗಿಂತ ಸ್ವಲ್ಪ ಕಡಿಮೆ. ಒಂದೊಂದಕ್ಕೂ ಎರಡು ಟನ್ ತಾಳುವ ಸ್ಟ್ಯಾಂಡ್ ತಂದೆ. ಬೆಸುಗೆಗಳನ್ನೆಲ್ಲ ಬೆರಳಾಡಿಸಿ ನೋಡಿ ಒಂದನ್ನು ಅಂಗಡಿಯಲ್ಲೇ ಬದಲಿಸಿಕೊಂಡೆ, ಅದರ ಒಂದು ಕಾಲಿನ ಬೆಸುಗೆ ಅರ್ಧದಲ್ಲೇ ನಿಂತಿತ್ತು.

ಕೊನೆಯದಾಗಿ, ಪೆಟ್ರೋಲ್ ಟ್ಯಾಂಕ್ ಬಹುಪಾಲು ಖಾಲಿ ಮಾಡಿದೆ, ಬ್ಯಾಟರಿ ಬಿಚ್ಚಿದೆ. ಆ ಕಾಲದ ಎಂಜಿಬಿಗಳಲ್ಲಿ ಆಸನಗಳ ಹಿಂದೆ, ನೆಲದಡಿಯಲ್ಲಿ ಎರಡು 6 ವೋಲ್ಟ್ ಬ್ಯಾಟರಿಗಳಿರುತ್ತವೆ. ಎಸ್‌ಯು ಕಂಪನಿಯ ಪೆಟ್ರೋಲ್ ಪಂಪ್ ಕೂಡ ಅವುಗಳ ಹತ್ತಿರವೇ. ಕಿಡಿ ಹಾರಬಾರದ ಜಾಗವೆಂದರೆ ಅದು.

ಹಂತ 3: ಮುಂಭಾಗ

ಕಾರಿನ ಮೂಗು ಬಾಗಿಲ ಕಡೆಗೆ ಇರುವಂತೆ ಹಿಮ್ಮುಖವಾಗಿ ಒಳಗೆ ತಂದೆ. ಗ್ಯಾರೇಜಿನ ಹಿಂಗೋಡೆಗೂ ಕಾರಿಗೂ ನಡುವೆ ಒಂದೇ ಮೀಟರ್ ಉಳಿದದ್ದರಿಂದ ಹಿಂಭಾಗ ಎತ್ತಲು ಜ್ಯಾಕ್‌ನ ಹಿಡಿಕೆ ಆಡುವುದಿಲ್ಲ. ಕಾರನ್ನು ಅರ್ಧ ಮೀಟರ್ ಮುಂದೆ ತಳ್ಳಿ, ಮೂಗು ಬಾಗಿಲಿನಾಚೆ ಚಾಚುವಂತೆ ನಿಲ್ಲಿಸಿದೆ. ಮುಂಚಕ್ರಗಳು ಕಾಂಕ್ರೀಟಿನ ಮೇಲೆಯೇ ಉಳಿದವು. ಚಳಿಯಲ್ಲಿ ಬಾಗಿಲು ತೆರೆದೇ ಕೆಲಸ ಮಾಡಬೇಕಾಯಿತು, ಆದರೆ ಜಾಗ ಸಿಕ್ಕಿತು.

ಚಕ್ರದ ನಟ್ಟುಗಳನ್ನು ಕಾರು ನೆಲದ ಮೇಲಿರುವಾಗಲೇ ಅರ್ಧ ಸುತ್ತು ಸಡಿಲಿಸಿದೆ. ಎತ್ತಿದ ಕಾರಿನ ನಟ್ಟಿನ ಮೇಲೆ ಮೈಭಾರ ಹಾಕಿ ಎಳೆಯುವುದು ಸ್ಟ್ಯಾಂಡ್ ಉರುಳಿಸಲು ನೆಟ್ಟ ದಾರಿ.

ಕೈಬ್ರೇಕ್ ಎಳೆದು, ಹಿಂಚಕ್ರಗಳಿಗೆ ಎರಡೂ ಕಡೆ ಬೆಣೆ ಕೊಟ್ಟು, ಮುಂದಿನ ಕ್ರಾಸ್‌ಮೆಂಬರ್‌ನ ನಡುವಿಗೆ ಜ್ಯಾಕ್ ಇಟ್ಟೆ. ಎಂಜಿಬಿಯ ಮುಂದಿನ ಇಡೀ ಸಸ್ಪೆನ್ಷನ್ ಕೂತಿರುವುದು ಈ ಉಕ್ಕಿನ ತೊಲೆಯ ಮೇಲೆ. ನಾಲ್ಕು ಉದ್ದನೆಯ ಬೋಲ್ಟ್‌ಗಳು ಅದನ್ನು ಮೈಗೆ ಬಿಗಿದಿವೆ. ಈ ಕಾರಿನ ಕೆಳಗೆ ಕಣ್ಣುಮುಚ್ಚಿ ನಂಬಬಹುದಾದ ಭಾಗವೆಂದರೆ ಬಹುಶಃ ಅದೊಂದೇ. ಅದರ ಹಿಂದೆಯೇ ಎಂಜಿನ್‌ನ ಸಂಪ್ ಜೋತಾಡುತ್ತಿರುತ್ತದೆ. ಜ್ಯಾಕ್ ನಾಲ್ಕು ಬೆರಳು ಹಿಂದೆ ಸರಿದರೂ ಎಣ್ಣೆ ತೊಟ್ಟಿಯನ್ನೇ ಎತ್ತಿದಂತಾಗುತ್ತದೆ. ಕೈದೀಪ ಹಿಡಿದು, ಮಲಗಿ ನೋಡಿ, ಜ್ಯಾಕ್ ತಲೆಗೂ ತೊಲೆಗೂ ನಡುವೆ ಗಟ್ಟಿ ಮರದ ತುಂಡು ಕೊಟ್ಟು ಎತ್ತಿದೆ.

ಸ್ಟ್ಯಾಂಡ್ ಇಟ್ಟದ್ದು ಕ್ರಾಸ್‌ಮೆಂಬರ್‌ಗಿಂತ ಒಂದು ಗೇಣು ಹಿಂದೆ, ಎಡಬಲದಲ್ಲಿ ಮೈಗೇ ಬೆಸೆದ ಉದ್ದ ತೊಲೆಗಳಾದ ಚಾಸಿ ರೈಲ್‌ಗಳ ಕೆಳಗೆ. ಇಡುವ ಮೊದಲು ಆ ಎರಡು ಜಾಗಗಳ ಹಳೆಯ ಅಂಡರ್‌ಸೀಲ್ (ತುಕ್ಕು ತಡೆಯುವ ಲೇಪ) ಕೆರೆದು ಲೋಹ ಕಾಣುವಂತೆ ಮಾಡಿ ಸುತ್ತಿಗೆಯಿಂದ ತಟ್ಟಿದೆ. ಈ ಕೆರೆಯುವ ಕೆಲಸ ಬೇಸರದ್ದು, ಕಪ್ಪು ಡಾಂಬರಿನಂಥ ಚೂರುಗಳು ಕತ್ತಿನೊಳಗೆ ಬೀಳುತ್ತವೆ. ಆದರೂ ಬಿಡುವಂತಿಲ್ಲ. ಅಂಡರ್‌ಸೀಲ್ ಒಣಗಿ ಬಿರುಕು ಬಿಟ್ಟರೆ ಅದರ ಹಿಂದೆ ನೀರು ನಿಲ್ಲುತ್ತದೆ. ಹೊರಗೆ ದಪ್ಪ ಕಪ್ಪು ಪದರ ಹಾಗೇ ಇರುತ್ತದೆ, ಒಳಗಿನ ತಗಡು ಪುಡಿಯಾಗಿರುತ್ತದೆ. ಎರಡೂ ರೈಲ್‌ಗಳು ಗಟ್ಟಿಯಾಗಿದ್ದವು. ಕೆರೆದ ಜಾಗಕ್ಕೆ ಜಿಂಕ್ ಪ್ರೈಮರ್ ಬಳಿದೆ.

ಮುಂಭಾಗವನ್ನು ಒಂದೇ ಸಲಕ್ಕೆ ಪೂರ್ತಿ ಎತ್ತಲಿಲ್ಲ. ಚಕ್ರಾಂತರ 2.31 ಮೀಟರ್. ಒಂದು ತುದಿಯನ್ನು 25 ಸೆಂ.ಮೀ. ಎತ್ತಿದರೆ ಕಾರು 6 ಡಿಗ್ರಿ ವಾಲುತ್ತದೆ. ಆಮೇಲೆ ಇನ್ನೊಂದು ತುದಿ ಏರುವಾಗ ಮೊದಲಿನ ಸ್ಟ್ಯಾಂಡ್‌ಗಳು ಅಷ್ಟೇ ಕೋನ ತಿರುಗಿ ಕಾಲೂರಿ ನಿಲ್ಲುವುದಿಲ್ಲ. ಆದ್ದರಿಂದ ಮುಂದೆ ಕೆಳಗಿನ ತೂತಿಗೆ, ಹಿಂದೆ ಕೆಳಗಿನ ತೂತಿಗೆ, ಮತ್ತೆ ಮುಂದೆ, ಮತ್ತೆ ಹಿಂದೆ. ಹೊತ್ತು ಹಿಡಿಯುತ್ತದೆ. ಪ್ರತಿ ಸಲವೂ ಸ್ಟ್ಯಾಂಡಿನ ಕಾಲುಗಳ ಕೆಳಗೆ ಕಾಗದದ ಚೂರು ತೂರಿಸಿ ನೋಡಿದೆ. ಕಾಗದ ಒಳಗೆ ಹೋದರೆ ಆ ಕಾಲು ನೆಲ ಮುಟ್ಟಿಲ್ಲ.

ಹಂತ 4: ಹಿಂಭಾಗ

ಕೈಬ್ರೇಕ್ ಹಿಡಿಯುವುದು ಹಿಂಚಕ್ರಗಳನ್ನು ಮಾತ್ರ. ಹಿಂಭಾಗ ಗಾಳಿಗೆ ಎದ್ದ ಕ್ಷಣದಿಂದ ಕೈಬ್ರೇಕ್ ಇದ್ದೂ ಇಲ್ಲ. ಗೇರ್ ಹಾಕಿದರೂ ಅಷ್ಟೇ, ಎಂಜಿನ್ ತಿರುಗಿಸುವುದೂ ಅವೇ ಚಕ್ರಗಳನ್ನು. ಮುಂದೆ ಕಾರು ಸ್ಟ್ಯಾಂಡಿನ ಮೇಲಿದ್ದು ಹಿಂದೆ ಜ್ಯಾಕ್ ಮೇಲಿರುವ ಹೊತ್ತೇ ಎಲ್ಲಕ್ಕಿಂತ ಅಪಾಯದ ಹೊತ್ತು. ಕಾರನ್ನು ತಡೆಯಲು ಸ್ಟ್ಯಾಂಡ್‌ಗಳ ಘರ್ಷಣೆ ಬಿಟ್ಟರೆ ಏನೂ ಇರುವುದಿಲ್ಲ. ಆ ಹೊತ್ತಿನಲ್ಲಿ ಕಾರಿನ ಕೆಳಗೆ ತಲೆ ಹಾಕಬಾರದು. ಸ್ಟ್ಯಾಂಡ್ ಸರಿಸುವುದಿದ್ದರೆ ಬದಿಯಿಂದ ಕೋಲಿನಲ್ಲಿ ತಳ್ಳಬೇಕು.

ಜ್ಯಾಕ್ ಇಟ್ಟದ್ದು ಹಿಂದಿನ ಆಕ್ಸಲ್‌ನ ಡಿಫರೆನ್ಷಿಯಲ್ ಗುಂಬದ ಎರಕದ ಭಾಗಕ್ಕೆ. ಗುಂಬದ ಹಿಂಬದಿಯ ಮುಚ್ಚಳ ತೆಳು ತಗಡಿನದು, ಅದರ ಮೇಲೆ ಭಾರ ಬಿದ್ದರೆ ಸೊಟ್ಟಗಾಗಿ ಎಣ್ಣೆ ಸೋರುತ್ತದೆ. ಇದನ್ನು ಜ್ಯಾಕ್‌ನ ತಲೆಯಲ್ಲಿ ಮರದ ತುಂಡು ಕೂರಿಸುವ ರೀತಿಯಲ್ಲೇ ಸರಿಪಡಿಸಿಕೊಳ್ಳಬೇಕು. ತುಂಡಿನ ಅಂಚು ಮುಚ್ಚಳಕ್ಕಿಂತ ಮುಂದಿರಬೇಕು.

ಹಿಂದಿನ ಸ್ಟ್ಯಾಂಡ್‌ಗಳನ್ನು ಮೊದಲು ಲೀಫ್ ಸ್ಪ್ರಿಂಗ್‌ನ ಮುಂಗಣ್ಣು ಬೋಲ್ಟ್ ಆಗುವ ಪೆಟ್ಟಿಗೆಗಳ ಕೆಳಗೆ ಇಟ್ಟೆ. ಆಕ್ಸಲ್ ಸ್ವತಂತ್ರವಾಗಿ ಜೋತುಬಿದ್ದರೆ ಸ್ಪ್ರಿಂಗ್, ಷಾಕಲ್, ಬುಷ್ ಎಲ್ಲಕ್ಕೂ ಕೈ ಎಟುಕುತ್ತದೆ ಎಂಬುದು ಲೆಕ್ಕಾಚಾರ. ಆ ಪೆಟ್ಟಿಗೆಗಳನ್ನೂ ಕೆರೆದು ತಟ್ಟಿ ನೋಡಿದ್ದೆ. ಎರಡೂ ಗಟ್ಟಿ. ಭಾರ ಇಳಿಸಿ, ಜ್ಯಾಕ್ ತೆಗೆದು, ಸೊಂಟದ ಎತ್ತರದಲ್ಲಿ ಕಾರನ್ನು ಹಿಡಿದು ಅಡ್ಡಲಾಗಿಯೂ ಉದ್ದಕ್ಕೂ ಜೋರಾಗಿ ಅಲುಗಾಡಿಸಿದೆ. ಕದಲಲಿಲ್ಲ. ಕೆಳಗೆ ಹೋದ ಮೇಲೆ ಬೀಳುವ ಕಾರು, ಕೆಳಗೆ ಹೋಗುವ ಮೊದಲೇ ಬೀಳಲಿ ಎಂದೇ ಈ ಅಲುಗಾಟ.

ಹಂತ 5: ಸಂದು ಮಾತಾಡಿತು

ಕೆಳಗೆ ಹೋಗುವ ಮೊದಲು ಮತ್ತೆ ಡ್ರಿಲ್ ಬಿಟ್ ಹಿಡಿದು ಬಾಗಿಲುಗಳ ಬಳಿ ಹೋದೆ.

ಎಡಬಾಗಿಲು: ಮೇಲೆ 4.5, ಕೆಳಗೆ 5. ಟೇಪಿನ ಮೇಲಿನ ಅಂಕಿಯೇ. ಬಲಬಾಗಿಲು: ಕೆಳಗೆ 5, ಮೇಲೆ 3.5ರ ಬಿಟ್ ಸಡಿಲವಾಗಿ ಆಡಿತು. 4 ಹೋಯಿತು. 4.5 ಹೋಯಿತು. 5ರ ಬಿಟ್ ಬಿಗಿಯಾಗಿ ಕೂತಿತು.

ಒಂದೂವರೆ ಮಿ.ಮೀ. ಕೇಳಲು ಅಲ್ಪ. ಆದರೆ ಅದರ ಅರ್ಥ ಹೀಗೆ. ಕಾರು ಚಕ್ರಗಳ ಮೇಲೆ ನಿಂತಾಗ ಆಸರೆ ಎರಡು ತುದಿಗಳಲ್ಲಿರುತ್ತದೆ, ನಡು ಕೆಳಗೆ ಜಗ್ಗುತ್ತದೆ, ಬಾಗಿಲ ಮೇಲಿನ ಸಂದು ಕಿರಿದಾಗುತ್ತದೆ. ಈಗ ನಾಲ್ಕು ಆಸರೆಗಳೂ ಒಳಕ್ಕೆ ಸರಿದಿವೆ. ಮುಂದೆ ಎಂಜಿನ್, ಹಿಂದೆ ಡಿಕ್ಕಿ, ಟ್ಯಾಂಕ್, ಜೋತುಬಿದ್ದ ಆಕ್ಸಲ್ ಎಲ್ಲವೂ ಆಸರೆಯ ಹೊರಗಿವೆ. ತುದಿಗಳು ಕೆಳಗೆ ಎಳೆಯುತ್ತವೆ, ಮೇಲಿನ ಸಂದು ಅಗಲವಾಗುತ್ತದೆ. ಸಿಲ್ ಗಟ್ಟಿಯಿದ್ದರೆ ಈ ಬಾಗುವಿಕೆ ಎಡಗಡೆಯಂತೆ ಅಳತೆಗೆ ಸಿಗುವುದಿಲ್ಲ. ಬಲಗಡೆ ಸಿಲ್ ಬಾಗುತ್ತಿತ್ತು.

ಸುತ್ತಿಗೆ ಹೇಳದ್ದನ್ನು, ಅಯಸ್ಕಾಂತ ಹೇಳದ್ದನ್ನು ಈ ಬಿಟ್ ಹೇಳಿತು. ಎತ್ತುವುದು ತಪಾಸಣೆಯ ನಂತರದ ಕೆಲಸವೆಂದು ನಾನು ತಿಳಿದಿದ್ದೆ. ಛಾವಣಿಯಿಲ್ಲದ ಕಾರಿನಲ್ಲಿ ಎತ್ತುವುದೇ ತಪಾಸಣೆಯ ಮುಖ್ಯ ಭಾಗ.

ಕೂಡಲೇ ಹಿಂಭಾಗವನ್ನು ಜ್ಯಾಕ್ ಮೇಲೆ ತೆಗೆದುಕೊಂಡು ಸ್ಟ್ಯಾಂಡ್‌ಗಳನ್ನು ಆಕ್ಸಲ್ ಕೊಳವೆಗಳ ಕೆಳಗೆ, ಸ್ಪ್ರಿಂಗ್‌ಗಳಿಗೆ ಅಂಟಿಕೊಂಡಂತೆ ಇಟ್ಟೆ. ಬ್ರೇಕ್ ಪೈಪ್ ಅಲ್ಲೇ ಕೊಳವೆಯ ಮೇಲೆ ಹಾದುಹೋಗುತ್ತದೆ, ಅದು ಸ್ಟ್ಯಾಂಡಿನ ಬಾಯಿಗೆ ಸಿಗದಂತೆ ನೋಡಿಕೊಂಡೆ. ಭಾರ ಈಗ ರಸ್ತೆಯ ಮೇಲಿದ್ದಂತೆಯೇ ಸ್ಪ್ರಿಂಗ್ ಮೂಲಕ ಇಳಿಯುತ್ತದೆ. ಬಲಬಾಗಿಲ ಮೇಲಿನ ಸಂದು 3.5ಕ್ಕೆ ಮರಳಿತು. ಸ್ಪ್ರಿಂಗ್ ಬುಷ್‌ಗಳನ್ನು ಬದಲಿಸುವ ಯೋಜನೆಯನ್ನು ಅಲ್ಲಿಗೇ ಕೈಬಿಟ್ಟೆ, ಅದಕ್ಕೆ ಆಕ್ಸಲ್ ಬಿಡುಗಡೆಯಾಗಿರಬೇಕು.

ಕಳಚಿದ ಚಕ್ರಗಳನ್ನು ಸಿಲ್‌ಗಳ ಪಕ್ಕ, ಚಾಸಿ ರೈಲ್ ಕೆಳಗೆ ಒಂದರ ಮೇಲೊಂದು ಮಲಗಿಸಿಟ್ಟೆ. ಎಲ್ಲವೂ ಕೈಕೊಟ್ಟರೂ ಕಾರು ಚಕ್ರಗಳ ಮೇಲೆ ಬಿದ್ದು, ನಡುವೆ ಎದೆಯಷ್ಟು ಜಾಗ ಉಳಿಯಬೇಕು. ಮೊಬೈಲ್ ಜೇಬಿನಲ್ಲಿ. ಮನೆಯಲ್ಲಿ ಯಾರೂ ಇಲ್ಲದ ದಿನ ಕೆಳಗೆ ಹೋಗುವುದಿಲ್ಲ.

ಹಂತ 6: ಕೆಳಗೆ ಕಂಡದ್ದು

ಸಿಲ್‌ನ ನೀರು ಇಳಿಯುವ ತೂತಿನಿಂದ ಎಂಡೋಸ್ಕೋಪ್ ತೂರಿಸಿದೆ. ಎಡಗಡೆ ಹಳೆಯ ಮೇಣದ ಲೇಪ ಜೇನುಬಣ್ಣದಲ್ಲಿ ಹೊಳೆಯಿತು, ನಡುವಿನ ತಗಡು ಅಖಂಡವಾಗಿತ್ತು. ಬಲಗಡೆ ಮೊದಲು ಬೆಳ್ಳನೆಯ ಹೊಸ ತಗಡು, ಅದರ ಹಿಂದೆ ಇನ್ನೊಂದು ತಗಡು, ಅದರ ಕೆಳ ಅಂಚು ಕಸೂತಿ ಬಟ್ಟೆಯಂತೆ ತೂತುತೂತು. ತಳದಲ್ಲಿ ಕಂದು ಪದರಗಳ ರಾಶಿ. ಮೇಲೆ ಥಳುಕು, ಒಳಗೆ ಹುಳುಕು.

ಎಂಜಿಬಿಯ ಸಿಲ್ ಒಂದೇ ತಗಡಲ್ಲ. ಒಳಸಿಲ್, ಹೊರಸಿಲ್, ಇವೆರಡರ ನಡುವೆ ನೆಟ್ಟಗೆ ನಿಲ್ಲುವ ಪೊರೆ, ಕೆಳಗೆ ಕ್ಯಾಸಲ್ ರೈಲ್ ಎಂಬ ಮಡಿಕೆಪಟ್ಟಿ, ಇವೆಲ್ಲ ಸೇರಿ ಒಂದು ಪೆಟ್ಟಿಗೆ. ಪೂರ್ಣ ಹೊರಸಿಲ್ ಮುಂದಿನ ರೆಕ್ಕೆಯ (ಚಕ್ರದ ಮೇಲಿನ ಹೊರ ತಗಡಿನ) ಕೆಳಗೂ ಹಿಂದಿನ ರೆಕ್ಕೆಯ ಕೆಳಗೂ ಚಾಚಿಕೊಂಡಿರುತ್ತದೆ. ಸರಿಯಾಗಿ ಬದಲಿಸಬೇಕಾದರೆ ಮುಂದಿನ ರೆಕ್ಕೆಯನ್ನು ಬೋಲ್ಟ್ ಬಿಚ್ಚಿ ತೆಗೆಯಬೇಕು, ಹಿಂದಿನದರ ಕೆಳತುದಿಯನ್ನು ಕತ್ತರಿಸಬೇಕು. ನನಗಿಂತ ಮೊದಲು ಈ ಕಾರನ್ನು ದುರಸ್ತಿ ಮಾಡಿದವರು ಅಷ್ಟು ದೂರ ಹೋಗಿಲ್ಲ. ಬಾಗಿಲಿನ ಅಗಲಕ್ಕೆ ಮಾತ್ರ ಒಂದು ಮುಚ್ಚುಪಟ್ಟಿಯನ್ನು ಹಳೆಯ ತುಕ್ಕಿನ ಮೇಲೇ ಬೆಸೆದು ಬಣ್ಣ ಹೊಡೆದಿದ್ದಾರೆ. ಹೊರಗೆ ನುಣುಪಾಗಿ ಕಂಡದ್ದು ಅದು. ಆ ಪಟ್ಟಿ ಭಾರ ಹೊರುವುದಿಲ್ಲ, ಜೊತೆಗೆ ಹಳೆಯ ತೂತುಗಳನ್ನು ಮುಚ್ಚಿ ನೀರನ್ನು ಒಳಗೇ ಕೂಡಿಹಾಕುತ್ತದೆ. ಇಂಥ ಕೆಲಸ ನೋಡಿದರೆ ಸಿಟ್ಟು ಬರುತ್ತದೆ. ಈ ಕಾರಿನಲ್ಲಿ ಕೂರುವವರ ಜೀವದ ಜತೆ ಆಡಿದ ಹಾಗೆ ಅದು.

ಉಳಿದವು ಹೀಗಿದ್ದವು. ಹಿಂದಿನ ಆಕ್ಸಲ್ ಅತಿಯಾಗಿ ಜೋತುಬೀಳದಂತೆ ಹಿಡಿಯುವ ರಬ್ಬರ್ ಪಟ್ಟಿಗಳಲ್ಲಿ ಬಲಗಡೆಯದು ಹರಿದು ಎರಡು ತುಂಡಾಗಿತ್ತು. ಸ್ಪ್ರಿಂಗ್ ಪೆಟ್ಟಿಗೆಗಳ ಕೆಳಗೆ ಸ್ಟ್ಯಾಂಡ್ ಇಟ್ಟಿದ್ದಷ್ಟು ಹೊತ್ತು ಆಕ್ಸಲ್‌ನ ಆ ತುದಿಯ ಎಳೆತ ಬ್ರೇಕ್‌ನ ರಬ್ಬರ್ ಹೋಸ್ ಮೇಲೂ ಬಿದ್ದಿತ್ತು. ಆದ್ದರಿಂದ ಹೋಸ್ ಕೂಡ ಬದಲಿಸುವ ಪಟ್ಟಿಗೆ ಸೇರಿತು. ಮುಂಚಕ್ರವನ್ನು ಮೇಲೆ ಕೆಳಗೆ ಹಿಡಿದು ಅಲುಗಿಸಿದಾಗ ಎಡಗಡೆ ಸ್ವಲ್ಪ ಆಟವಿತ್ತು. ಒಳಗೆ ಕೂತವರು ಬ್ರೇಕ್ ತುಳಿದಾಗ ಆಟ ನಿಂತಿತು. ಹಾಗಾದರೆ ದೋಷ ಬೇರಿಂಗ್‌ನದು, ಸ್ಟಿಯರಿಂಗ್‌ಗೆ ಚಕ್ರ ಹೊರಳುವ ಗೂಟವಾದ ಕಿಂಗ್‌ಪಿನ್‌ದಲ್ಲ. ಕಿಂಗ್‌ಪಿನ್ ಬಳಿ ಪ್ರತಿ ಬದಿಗೆ 3 ಗ್ರೀಸ್ ನಿಪ್ಪಲ್‌ಗಳಿವೆ, ಹಳೆಯ ಗ್ರೀಸ್ ಹೊರಬರುವವರೆಗೆ ಹೊಸದು ತುಂಬಿದೆ.

ಎಲ್ಲಕ್ಕಿಂತ ತುರ್ತಿನದು ಮುಂದಿನಿಂದ ಹಿಂದಕ್ಕೆ ಓಡುವ ಬ್ರೇಕ್ ಪೈಪ್. ಕ್ಲಿಪ್ ಕೂತ ಜಾಗಗಳಲ್ಲಿ ಉಕ್ಕಿನ ಪೈಪ್ ತುಕ್ಕು ಹಿಡಿದು ಉಬ್ಬಿತ್ತು. ಉಗುರಿನಿಂದ ಕೆರೆದರೆ ಪದರ ಎದ್ದು ಬಂತು. ಬ್ರಿಟನ್ ಮಾರುಕಟ್ಟೆಗೆ 1971ರಲ್ಲಿ ತಯಾರಾದ ಎಂಜಿಬಿಗಳ ಬ್ರೇಕ್‌ಗೆ ಒಂದೇ ಸರ್ಕ್ಯೂಟ್. ಹಿಂದಿನ ಪೈಪ್ ಒಡೆದರೆ ಮುಂದಿನ ಬ್ರೇಕೂ ಹೋಗುತ್ತದೆ.

ಹಂತ 7: ಬ್ರೇಕ್ ಪೈಪ್

ಹಳೆಯ ಪೈಪನ್ನು ನೇರ ಮಾಡದೆ ಬಾಗಿದಂತೆಯೇ ಹೊರತೆಗೆದೆ, ಅದೇ ಹೊಸದಕ್ಕೆ ಅಚ್ಚು. ಹೋಸ್ ಕಡೆಯ ನಟ್ಟು ಸುಲಭಕ್ಕೆ ಬರಲಿಲ್ಲ. ತುಕ್ಕು ಬಿಡಿಸುವ ಎಣ್ಣೆ ಹಾಕಿ ರಾತ್ರಿಯಿಡೀ ಬಿಟ್ಟರೂ ಪೈಪ್ ಸ್ಪ್ಯಾನರ್‌ಗೆ ಅದರ ಮೂಲೆಗಳು ಸವೆದು ದುಂಡಾದವು. ಪೈಪ್ ಹೇಗೂ ಎಸೆಯುವುದೇ ಆದ್ದರಿಂದ ನಟ್ಟಿನ ಬುಡಕ್ಕೆ ಸರಿಯಾಗಿ ಕತ್ತರಿಸಿ, ಆರು ಮೂಲೆಯ ಸಾಕೆಟ್ ಹೊಡೆದು ಕೂರಿಸಿ ತಿರುಗಿಸಿದೆ. ಬಂತು. ಈ ಕಾರಿನ ಬೋಲ್ಟ್‌ಗಳೆಲ್ಲ ಇಂಚಿನ ಅಳತೆಯವು. 13 ಮಿ.ಮೀ. ಸ್ಪ್ಯಾನರ್ ಅರ್ಧ ಇಂಚಿನ ನಟ್ಟಿಗೆ ಹೆಚ್ಚುಕಡಿಮೆ ಕೂರುತ್ತದೆ. ಆ ಹೆಚ್ಚುಕಡಿಮೆಯೇ ತುಕ್ಕು ಹಿಡಿದ ನಟ್ಟಿನ ಮೂಲೆ ತಿನ್ನುವುದು. ಇಂಚಿನ ಸ್ಪ್ಯಾನರ್ ಒಂದು ಸೆಟ್ ಇಲ್ಲದೆ ಕೆಳಗೆ ಹೋಗಬಾರದು.

ಹೊಸದು ತಾಮ್ರ-ನಿಕಲ್ ಮಿಶ್ರಲೋಹದ 3/16 ಇಂಚಿನ ಪೈಪ್, 25 ಅಡಿ ಸುರುಳಿಗೆ 20 ಪೌಂಡ್. ನಟ್ಟುಗಳು 10, ತುದಿ ಅರಳಿಸುವ ಉಪಕರಣ 40, ಹೋಸ್ 12, ರಬ್ಬರ್ ಪಟ್ಟಿ ಜೋಡಿ 10. ಈ ಪೈಪ್ ತುಕ್ಕು ಹಿಡಿಯುವುದಿಲ್ಲ, ಹೆಬ್ಬೆರಳಿನಿಂದಲೇ ಬಾಗುತ್ತದೆ. ಮೊದಲು ಅರಳಿಸಿದ ತುದಿ ಒಂದು ಬದಿಗೆ ವಾಲಿತು. ಪೈಪನ್ನು ಕತ್ತರಿಸಿದ ಬಾಯಿ ಓರೆಯಾಗಿದ್ದದ್ದೇ ಕಾರಣ. ಹ್ಯಾಕ್‌ಸಾ ಬದಲು ಸುತ್ತು ಕತ್ತರಿ ಬಳಸಿ, ಒಳ ಅಂಚಿನ ಚೂಪು ತೆಗೆದ ಮೇಲೆ ಬಾಯಿ ಸಮನಾಗಿ ಅರಳಿತು. ಇನ್ನೊಂದು ಮಾತು: ಅರಳಿಸುವ ಮೊದಲೇ ನಟ್ಟನ್ನು ಪೈಪಿಗೆ ಪೋಣಿಸಬೇಕು, ಆಮೇಲೆ ಅದು ಹೋಗುವುದಿಲ್ಲ.

ರಬ್ಬರ್ ಪಟ್ಟಿ ಹಾಕಲು ಸ್ಟ್ಯಾಂಡ್ ಆಕ್ಸಲ್ ಕೆಳಗಿದ್ದದ್ದು ಅನುಕೂಲವೇ ಆಯಿತು. ಆಕ್ಸಲ್ ಮೇಲಕ್ಕೆ ಒತ್ತಿರುವಾಗ ಪಟ್ಟಿ ಸಡಿಲವಾಗಿರುತ್ತದೆ, ಎಳೆದಾಡಬೇಕಿಲ್ಲ.

ಡಾಟ್ 4 ದರ್ಜೆಯ ಬ್ರೇಕ್ ದ್ರವ ತುಂಬಿ, ದೂರದ ಎಡ ಹಿಂಚಕ್ರದಿಂದ ಗಾಳಿ ತೆಗೆಯುತ್ತ ಬಂದೆ. ಪೆಡಲ್ ಗಟ್ಟಿಯಾದ ಮೇಲೆ ಒಬ್ಬರು ಅದನ್ನು ಬಲವಾಗಿ ತುಳಿದು ಹಿಡಿದರು, ನಾನು ಪ್ರತಿ ಜೋಡಣೆಗೂ ಒಣ ಟಿಶ್ಯೂ ಕಾಗದ ಒತ್ತಿ ನೋಡಿದೆ. ಮುಂತುದಿಯ ಜೋಡಣೆಯಲ್ಲಿ ಕಾಗದ ಒದ್ದೆಯಾಯಿತು. ಕಾಲು ಸುತ್ತು ಬಿಗಿದ ಮೇಲೆ ಒಣಗಿ ಉಳಿಯಿತು.

ಹಂತ 8: ಇಳಿಸಿದ್ದು, ಮತ್ತು ನಿಂತಿರುವ ಕೆಲಸ

ಇಳಿಸುವುದೂ ಎತ್ತಿದಂತೆಯೇ, ಹಂತಹಂತವಾಗಿ, ತಲೆಕೆಳಗಾದ ಕ್ರಮದಲ್ಲಿ. ಜ್ಯಾಕ್‌ನ ಬಿಡುಗಡೆ ತಿರುಪನ್ನು ಕೂದಲೆಳೆಯಷ್ಟೇ ತಿರುಗಿಸಬೇಕು. ಕೆಳಗೆ ಉಪಕರಣ ಉಳಿದಿದೆಯೇ ಎಂದು ಟಾರ್ಚ್ ಬಿಟ್ಟು ನೋಡಿಯೇ ಕೈ ಹಾಕಿದೆ. ಚಕ್ರಗಳು ನೆಲ ಮುಟ್ಟಿದ ಮೇಲೆ ನಟ್ಟುಗಳನ್ನು 85 ನ್ಯೂಟನ್ ಮೀಟರ್‌ಗೆ ಬಿಗಿದೆ. ಕೈಪಿಡಿಯ 60ರಿಂದ 65 ಪೌಂಡ್ ಅಡಿ ಎಂದರೆ ಹತ್ತಿರ ಹತ್ತಿರ ಅಷ್ಟೇ.

ಬಲಗಡೆಯ ಸಿಲ್ ಉಳಿದಿದೆ. ಕಾರು ಸ್ಟ್ಯಾಂಡಿನ ಮೇಲಿರುವಾಗಲೇ ಮುಚ್ಚುಪಟ್ಟಿ ಕತ್ತರಿಸಿ ಬೆಸೆದುಬಿಡಿ ಎಂದು ಸಲಹೆ ಕೊಟ್ಟವರಿದ್ದಾರೆ. ಒಪ್ಪಲಿಲ್ಲ. ಈಗಾಗಲೇ ಒಂದೂವರೆ ಮಿ.ಮೀ. ಬಾಗುವ ಪೆಟ್ಟಿಗೆಯ ಒಂದು ಗೋಡೆ ತೆಗೆದರೆ ಕಾರು ಆ ಬಾಗಿದ ಆಕಾರದಲ್ಲೇ ನಿಲ್ಲುತ್ತದೆ, ಹೊಸ ಸಿಲ್ ಅದೇ ಆಕಾರಕ್ಕೆ ಬೆಸೆದುಕೊಳ್ಳುತ್ತದೆ. ಆಮೇಲೆ ಬಾಗಿಲು ಎಂದೆಂದಿಗೂ ಸರಿಯಾಗಿ ಮುಚ್ಚುವುದಿಲ್ಲ. ಮೊದಲು ಬಾಗಿಲಿನ ಚೌಕಟ್ಟಿಗೆ, ಕೀಲಿನ ಕಂಬದಿಂದ ಬೀಗದ ಕಂಬಕ್ಕೆ, 25 ಮಿ.ಮೀ. ಚೌಕ ಕೊಳವೆಯ ಅಡ್ಡಪಟ್ಟಿ ಬಿಗಿಯಬೇಕು. ಆಸರೆ ತುದಿಗಳಲ್ಲೇ ಇರಬೇಕು, ಮೇಲಿನ ಸಂದು ಟೇಪಿನಲ್ಲಿ ಬರೆದ ಅಳತೆಗೆ ಬಂದ ಮೇಲೆಯೇ ಕತ್ತರಿ ತೆಗೆಯಬೇಕು. ಒಂದು ತುಂಡು ಕತ್ತರಿಸಿ, ಅದನ್ನು ಬೆಸೆದು, ಆಮೇಲೆ ಮುಂದಿನದು.

ಬ್ರಿಟಿಷ್ ಮೋಟರ್ ಹೆರಿಟೇಜ್ ಎಂಬ ಕಂಪನಿ 1988ರಿಂದ ಈ ಕಾರಿನ ಪೂರ್ತಿ ಕವಚವನ್ನೇ ಹೊಸದಾಗಿ ಮಾಡಿ ಮಾರುತ್ತಿದೆ, ಬಿಡಿ ಸಿಲ್‌ಗಳೂ ಸಿಗುತ್ತವೆ. ಪೂರ್ಣ ಉದ್ದದ ಹೊರಸಿಲ್, ನಡುವಿನ ಪೊರೆ, ಕ್ಯಾಸಲ್ ರೈಲ್ ಮೂರಕ್ಕೂ ಬೇಡಿಕೆ ಕಳಿಸಿದ್ದೇನೆ. ಬೆಸುಗೆ ನನ್ನ ಕೈಯದಲ್ಲ. ಭಾರ ಹೊರುವ ಬೆಸುಗೆಯನ್ನು ಈ ಕಾರುಗಳನ್ನೇ ಬಲ್ಲವರು ಮಾಡಬೇಕು. ಅಡ್ಡಪಟ್ಟಿ ತಯಾರಿಸುವುದು, ರೆಕ್ಕೆಯ ಬೋಲ್ಟ್‌ಗಳನ್ನು ಎಣ್ಣೆ ಹಾಕಿ ಬಿಡಿಸಿಡುವುದು ನನ್ನ ಪಾಲಿನ ಕೆಲಸ. ಎ-ಕಂಬದ (ಬಾಗಿಲಿನ ಮುಂದಿನ ಕಂಬದ) ಕೆಳಗಿನ ಎರಡು ಬೋಲ್ಟ್‌ಗಳು ಇನ್ನೂ ಕದಲಿಲ್ಲ. ಸಿಲ್ ಮುಗಿಯುವವರೆಗೆ ಕಾರು ರಸ್ತೆಗೆ ಇಳಿಯುವುದಿಲ್ಲ. ಟೇಪುಗಳನ್ನು ಬಾಗಿಲ ಮೇಲೆ ಹಾಗೇ ಬಿಟ್ಟಿದ್ದೇನೆ, ವೆಲ್ಡಿಂಗ್ ಮಾಡುವವರು ಮೊದಲು ನೋಡಬೇಕಾದದ್ದು ಅವುಗಳನ್ನೇ.